ಸುಣ್ಣದ ಝರಿಗೆ ಅರ್ಧ ದಿನ

ಬೋರಿನ ನೀರು ಬಳಸುವ ಮನೆಯಲ್ಲಿ ನೀವಿದ್ದರೆ ನಾನು ಹೇಳುವುದು ಕೂಡಲೇ ತಿಳಿಯುತ್ತದೆ. ಸ್ನಾನದ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ದಿನ ಕಳೆದಂತೆ ಒಂದು ಬಿಳಿಯ ಹಕ್ಕಳೆ ಕಟ್ಟಿಕೊಳ್ಳುತ್ತದೆ. ಉಜ್ಜಿದರೆ ಹೋಗುವುದಿಲ್ಲ, ಕೆರೆದರೆ ಪಾತ್ರೆಯೇ ಸವೆಯುತ್ತದೆ. ಮೊನ್ನೆ ನಮ್ಮ ಸೊಸೆ ಅಂಥ ಪಾತ್ರೆಯೊಂದನ್ನು ನನ್ನ ಮುಂದೆ ತಂದಿಟ್ಟು, "ಮಾವಾರ, ಸುಮ್ಮ ಕುಂತೀರಲ್ಲ, ಇದಕ್ಕ ನಿಂಬಿಹಣ್ಣಿನ ಸಿಪ್ಪಿ ಹಚ್ಚಿ ತಿಕ್ಕರಿ" ಎಂದು ಹೇಳಿ ಒಳಗೆ ಹೋದಳು. ಈ ವಯಸ್ಸಿನಲ್ಲಿ ಮನೆಯಲ್ಲಿ ನನಗೆ ಸಿಗುವ ಹುದ್ದೆಗಳು ಇಂಥವೇ. ಹೆಬ್ಬೆರಳಿನಿಂದ ಪಾತ್ರೆಯ ತಳವನ್ನೊಮ್ಮೆ ಸವರಿದೆ. ಒರಟು, ಆದರೆ ಚುಚ್ಚದ ಒರಟು; ಬೆಕ್ಕಿನ ನಾಲಿಗೆಯಂಥದು. ಮುಟ್ಟಿದ್ದು ಬೆರಳು, ಜುಮ್ಮೆಂದದ್ದು ಅಂಗಾಲು. ಸಿಪ್ಪೆ ಕೆಳಗಿಟ್ಟು ಹಾಗೇ ಕುಳಿತುಬಿಟ್ಟೆ. ಸೊಸೆ ಬಂದು ನೋಡಿದಾಗ ಹಕ್ಕಳೆ ಇದ್ದಲ್ಲೇ ಇತ್ತು. ನಾನು ಮಾತ್ರ ಅಲ್ಲಿರಲಿಲ್ಲ.

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವಾಗ ಡಾಂಬರು ರಸ್ತೆ ಬಿಟ್ಟು ಬಂಡಿದಾರಿ ಹಿಡಿದರೆ ಒಂದು ಸಣ್ಣ ವಾಡಿ ಸಿಗುತ್ತದೆ. ನನ್ನ ಅಕ್ಕ ಕಮಳಾಬಾಯಿಯನ್ನು ಕೊಟ್ಟ ಊರು. ಊರ ಹಿಂದೆ ಗುಡ್ಡ, ಗುಡ್ಡದ ಮೇಲೆ ಹೊಲಗಳು. ಹೊಲಗಳ ಅಂಚಿನಿಂದ ಒಂದು ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಊರ ಬೆನ್ನಿಗೆ ಬಂದು ಬೀಳುತ್ತದೆ. ದೊಡ್ಡ ದೊಡ್ಡ ಜಲಪಾತ ಕಂಡವರು ಇದನ್ನು ಜಲಪಾತ ಎನ್ನಲು ನಾಚಿಕೊಂಡಾರು. ನಮ್ಮ ಬೀದರ ಸೀಮೆಯಲ್ಲಿ ನೀರು ಮೇಲಿಂದ ಕೆಳಗೆ ಬಿದ್ದರೆ ಅದೇ ದೊಡ್ಡದು. ವಾಡಿಯವರು ಅದಕ್ಕೆ ಸುಣ್ಣದ ಝರಿ ಎನ್ನುತ್ತಿದ್ದರು. ಆ ನೀರಿನಲ್ಲಿ ಸುಣ್ಣ. ಹರಿದಲ್ಲೆಲ್ಲ ಸುಣ್ಣ ಇಳಿದು, ಪದರಿನ ಮೇಲೆ ಪದರು ಕೂತು, ಇಡೀ ಇಳಿಜಾರು ಬೆಣ್ಣೆಯ ಬಣ್ಣದ ಸುಣ್ಣದ ಕಲ್ಲಾಗಿತ್ತು. ಬೇವಿನ ಎಲೆ ಬಿದ್ದರೆ ಎಲೆಯ ಮೇಲೂ ಹಕ್ಕಳೆ, ಕಡ್ಡಿ ಬಿದ್ದರೆ ಕಡ್ಡಿಯ ಮೇಲೂ ಹಕ್ಕಳೆ. ಆ ಕಲ್ಲಿಗೆ ಪಾಚಿ, ಹಾವಸೆ ಹತ್ತುತ್ತಿರಲಿಲ್ಲ. ಮೈಮೇಲೆ ನೀರು ಸುರಿಯುತ್ತಿದ್ದರೂ ಬರಿಗಾಲು ಇಟ್ಟರೆ ಗೋಡೆಗೆ ಹಲ್ಲಿ ಹಿಡಿದ ಹಾಗೆ ಹಿಡಿಯುತ್ತಿತ್ತು.

ವಾಡಿಯ ಹೆಣ್ಣುಮಕ್ಕಳು ಅದನ್ನು ಎಂದೂ ನಿಂತು ನೋಡಿದವರಲ್ಲ. ಅವರಿಗೆ ಅದು ಹೊಲದ ದಾರಿ. ಬಂಡಿದಾರಿ ಗುಡ್ಡವನ್ನು ಪೂರಾ ಸುತ್ತು ಹಾಕಿ ಹೋಗುತ್ತದೆ. ಹೋಗುವುದರೊಳಗೆ ಬಿಸಿಲು ನೆತ್ತಿಗೆ ಬರುತ್ತದೆ. ಝರಿ ಹತ್ತಿದರೆ ಎಲೆಅಡಿಕೆ ಜಗಿದು ಉಗುಳುವಷ್ಟರಲ್ಲಿ ಹೊಲ. ಸೀರೆಯ ಕಚ್ಚೆ ಬಿಗಿದು, ಕುಡುಗೋಲು ಸೊಂಟಕ್ಕೆ ಸಿಕ್ಕಿಸಿ, ರೊಟ್ಟಿಯ ಗಂಟು ತಲೆಗೆ ಕಟ್ಟಿಕೊಂಡು, ಹರಟೆ ಹೊಡೆಯುತ್ತ ನೀರಿನಲ್ಲೇ ಹತ್ತಿಹೋಗುತ್ತಿದ್ದರು. ಮೇಲಿನವಳು ಹೇಳಿದ ಸುದ್ದಿ ಕೆಳಗಿನವಳಿಗೆ ನೀರಿನ ಸದ್ದಿನಲ್ಲಿ ಕೇಳಿಸದಿದ್ದರೆ ಮೇಲಿನವಳು ಅಲ್ಲೇ ಹೊರಳಿ ನಿಂತು ಮತ್ತೊಮ್ಮೆ ಹೇಳುತ್ತಿದ್ದಳು.

ನಾನು ಮೊದಲ ಸಲ ಅದನ್ನು ಹತ್ತಿದ್ದು ಪಂಚಮಿಗೆ ಅಕ್ಕನನ್ನು ಕರೆಯಲು ಹೋದಾಗ. ಅಕ್ಕ ಮೇಲೆ ಹೊಲದಲ್ಲಿದ್ದಳು. ಇಸ್ತ್ರಿ ಮಾಡಿದ ಪೈಜಾಮ ತೊಟ್ಟಿದ್ದ ನಾನು ಚಪ್ಪಲಿ ಕೈಯಲ್ಲಿ ಹಿಡಿದು ಕೆಳಗೆ ನಿಂತು ಕೂಗಿದೆ. ಅವಳು ಅಂಚಿಗೆ ಬಂದು ಇಣುಕಿದಳು.

"ಯಾಕ ತಮ್ಮಾ, ಅಲ್ಲೇ ನಿಂತಿಯಲ್ಲ? ಹತ್ತಿ ಬಾ."

"ಜಾರತದ, ಅಕ್ಕಾ!"

"ಹತ್ತನೇತ್ತಾ ಓದಿದಾಂವ ಅದಿ. ಜಾರೋದಲ್ಲ ಅದು. ಕಾಲಿಗೆ ಹೆದರಿಕಿ ಇತ್ತಂದ್ರ ಜಾರತದ, ಕಲ್ಲಿಗೇನೂ ಇಲ್ಲ."

ಒಂದೇ ಮೆಟ್ಟಿಲು ಹತ್ತಿ ಸಿಕ್ಕಿಕೊಂಡೆ. ಮೇಲೂ ಇಲ್ಲ, ಕೆಳಗೂ ಇಲ್ಲ. ಅಕ್ಕ ಸರಸರನೆ ಇಳಿದು ಬಂದು, ನನ್ನ ಅಂಗಾಲನ್ನು ಕೈಯಿಂದ ಹಿಡಿದು ಒಂದು ಕುಳಿಯಲ್ಲಿ ಇಟ್ಟಳು. ದಿನವೂ ಕಾಲಿಟ್ಟು ಕಾಲಿಟ್ಟು ಅಲ್ಲಲ್ಲಿ ಪಾದದ ಅಳತೆಯ ಕುಳಿಗಳಿದ್ದವು. "ಇಲ್ಲಿಡು. ಈಗ ಆ ಕಾಲು ಅಲ್ಲಿಡು. ಈಗ ಬಾಯಿ ಮುಚ್ಚು, ನೀರು ಹೋಗ್ತದ." ಹೀಗೆ ನಾನು ಮೇಲೆ ಮುಟ್ಟಿದೆ. ಪೈಜಾಮದಿಂದ ನೀರು ಸೋರುತ್ತಿತ್ತು. ಹೊಲದಲ್ಲಿದ್ದ ಹೆಂಗಸರೆಲ್ಲ ಕಳೆ ಕೀಳುವುದು ಬಿಟ್ಟು ನನ್ನನ್ನು ನೋಡಿ ನಕ್ಕರು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಲಿಲ್ಲ. ಇದನ್ನು ಹೆಂಡತಿ ಇದ್ದಾಗ ಬರೆಯಲು ಧೈರ್ಯವಿರಲಿಲ್ಲ.

ತೊಂಬತ್ತರ ದಶಕದ ನಡುವೆ ಹುಮನಾಬಾದಿನ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಖಾನಾವಳಿ ಇತ್ತು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ವಿಜಾಪುರದ ಕಡೆಯಿಂದ, ಹೈದರಾಬಾದಿನ ಕಡೆಯಿಂದ ಬಂದವರು ಹುಮನಾಬಾದಿನಲ್ಲಿ ಇಳಿದು ಕಲ್ಯಾಣದ ಗವಿಗಳನ್ನು ನೋಡಲು ಹೋಗುತ್ತಿದ್ದರು. ನನ್ನಲ್ಲಿ ಉಂಡು ಮುಂದಿನ ಬಸ್ಸಿಗೆ ಕಾಯುತ್ತ ಆಕಳಿಸುತ್ತಿದ್ದರು. ಆ ಆಕಳಿಕೆಯನ್ನು ನೋಡಿ ತಲೆ ಓಡಿಸಿದವನು ಖಾಜಾ ಭಾಯ್. ಅವನದೊಂದು ಹಳೆಯ ಜೀಪು. ಅದರ ಹಿಂದಿನ ಬಾಗಿಲನ್ನು ಹಗ್ಗದಿಂದ ಕಟ್ಟುತ್ತಿದ್ದ. ಹಗ್ಗ ಬಿಚ್ಚುವವರೆಗೆ ಯಾರೂ ಇಳಿಯುವಂತಿಲ್ಲ, ಹಾಗಾಗಿ ತನ್ನ ಜೀಪು ಎಲ್ಲಕ್ಕಿಂತ ಸುರಕ್ಷಿತ ಎಂದು ಹೇಳುತ್ತಿದ್ದ.

"ಭಾಯ್, ಪಬ್ಲಿಕ್ ಹೋದಲ್ಲೆಲ್ಲ ಕೈ ಮುಗದು ಮುಗದು ಸುಸ್ತ ಆಗ್ಯಾದ," ಎಂದ ಒಂದು ದಿನ ಚಹಾ ಕುಡಿಯುತ್ತ. "ನಡುವ ಒಂದು ಮಜಾ ಬೇಕು. ನಿಮ್ಮ ಅಕ್ಕನ ಊರಾಗ ನೀರದ ಅಲ್ಲ?"

"ಅದು ಹತ್ತೋ ನೀರು ಭಾಯ್, ನೋಡೋ ನೀರಲ್ಲ."

"ಹತ್ಸೋಣು! ಮುಂದ ನೀನು ಹತ್ತು, ಹಿಂದ ಪಬ್ಲಿಕ್. ನೀನೇ ಗೈಡ್."

ಗೈಡ್ ಎಂಬ ಆ ಪದ ನನ್ನ ತಲೆಗೆ ಏರಿತು. ಅಲ್ಲಿಯವರೆಗೆ ನನ್ನನ್ನು ಜನ ಕರೆದದ್ದು "ಏ ರೊಟ್ಟಿ" ಎಂದೇ. ಆ ಮಳೆಗಾಲವೆಲ್ಲ ನಾವಿಬ್ಬರೂ ಯೋಜನೆ ಹಾಕಿದ್ದೇ ಹಾಕಿದ್ದು. ದೇಶ ಕಟ್ಟಲೂ ಇಷ್ಟು ಚರ್ಚೆ ನಡೆದಿರಲಿಕ್ಕಿಲ್ಲ. ಅರ್ಧ ದಿನದ ಸಫರ್: ಮುಂಜಾನೆ ಖಾನಾವಳಿಯಲ್ಲಿ ಸುಸಲಾ, ಮಿರ್ಚಿ ಭಜಿ, ಜೀಪಿನಲ್ಲಿ ವಾಡಿ, ಝರಿ ಹತ್ತುವುದು, ಮೇಲೆ ಅಕ್ಕನ ಹೊಲದ ಮಾವಿನ ಗಿಡದ ಕೆಳಗೆ ಮೈ ಒಣಗಿಸಿಕೊಳ್ಳುವುದು, ಇಳಿದು ಬಂದು ಅಕ್ಕನ ಮನೆಯಲ್ಲಿ ಊಟ, ಮಧ್ಯಾಹ್ನಕ್ಕೆ ಕಲ್ಯಾಣ. ಮಳೆ ಜೋರಾಗಿ ಬಿದ್ದ ಮರುದಿನ ಬೇಡ, ನೀರು ಕೆಂಪಾಗಿರುತ್ತದೆ. ಶಿವರಾತ್ರಿ ದಾಟಿದ ಮೇಲೆ ಬೇಡ, ನೀರು ಬೆರಳಿನಷ್ಟಾಗಿರುತ್ತದೆ. ಧೋತರ ಉಟ್ಟು ಬಂದ ಹಿರಿಯರಿಗೆ ಕೊಡಲು ಹಳೆಯ ಚಡ್ಡಿಗಳಿರಬೇಕೆ ಎಂಬ ಪ್ರಶ್ನೆಗೆ ಎರಡು ಸಂಜೆ ಹೋದವು. ಒಂದು ಸೀಟಿ ಕೊಂಡೆ. ಹಗ್ಗವೂ ಬೇಕೆಂದೆ.

"ಹಗ್ಗ ಯಾರಿಗಿ?" ಎಂದಳು ಅಕ್ಕ.

"ಮಂದಿಗಿ. ಹಿಡಕೊಂಡು ಹತ್ಲಿಕ್ಕ."

"ಹಗ್ಗ ದನಕ್ಕ ಕಟ್ಟತಾರ. ಮನಷ್ಯಾರಿಗಿ ಕೈ ಕೊಡ್ತಾರ." ಆಮೇಲೆ ಕುಳ್ಳು ಒಲೆಗೆ ತುರುಕುತ್ತ ತನ್ನದೊಂದು ಕರಾರು ಹೇಳಿದಳು: "ಮುಂಜಾನೆ ನಮ್ಮ ಹೆಣ್ಮಕ್ಕಳು ಹತ್ತಿ ಹೋಗಬೇಕು, ಆಮ್ಯಾಲ ನಿಮ್ಮ ಮಂದಿ. ನಮ್ಮ ದಾರಿಗಿ ಅಡ್ಡ ಬರಬ್ಯಾಡ್ರಿ. ಇಷ್ಟೇ ನಂದು."

ಇಷ್ಟೇ ಅವಳದು. ನನಗೆ ಅದು ನೆನಪಿದೆ. ಅವಳಿಗೂ ನೆನಪಿರಬೇಕು; ಒಂದು ದಿನವೂ ಎತ್ತಿ ಆಡಲಿಲ್ಲ.

ಮೊದಲ ಸಫರ್ ಹೊರಟಿತು. ಜೀಪಿನ ತುಂಬ ವಿಜಾಪುರದ ಕಡೆಯ ಮಂದಿ. ಹೆಚ್ಚಿನವರು ವಯಸ್ಸಾದವರು, ನಡುನಡುವೆ ಸೊಸೆಯಂದಿರು, ಮೊಮ್ಮಕ್ಕಳು. ಝರಿಯ ಕೆಳಗೆ ಜೀಪು ನಿಂತಿತು, ಖಾಜಾ ಭಾಯ್ ಹಗ್ಗ ಬಿಚ್ಚಿದ, ನಾನು ಸೀಟಿ ಊದಿದೆ. ಯಾರೂ ಇಳಿಯಲಿಲ್ಲ. ಬಿಳಿಯ ರುಮಾಲಿನ ಒಬ್ಬ ಯಜಮಾನರು ಒಳಗಿಂದಲೇ ಝರಿಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

"ಏನ್ರಿ ಇದರ ಮಹಿಮಾ?"

"ಹತ್ತಬಹುದು ನೋಡ್ರಿ, ನೀರಾಗ. ಜಾರೂದೇ ಇಲ್ಲ."

"ಅದ್ಯಾಕ ಜಾರಂಗಿಲ್ಲ?"

"ಸುಣ್ಣದ ನೀರದರಿ."

"ಸುಣ್ಣ ನಮ್ಮ ಎಲಿಅಡಿಕಿ ಚೀಲದಾಗೂ ಐತಿ," ಎಂದರು ಯಜಮಾನರು. ಜೀಪೆಲ್ಲ ನಕ್ಕಿತು. "ನಡೀರಿ ನಡೀರಿ, ಕಲ್ಯಾಣಕ್ಕ ಹೊತ್ತಾಕ್ಕತಿ."

ಕಲ್ಯಾಣಕ್ಕೆ ಬರುವವರ ರೀತಿ ನಿಮಗೆ ಗೊತ್ತಿರಬಹುದು. ಅಲ್ಲಿ ಪ್ರತಿ ಗವಿಗೂ ಒಬ್ಬ ಶರಣರ ಹೆಸರಿದೆ, ಪ್ರತಿ ಕೆರೆಗೂ ಒಂದು ಕಥೆಯಿದೆ. ಇಲ್ಲಿ ಯಾರು ಕೂತಿದ್ದರು, ಅಲ್ಲಿ ಯಾರು ನಡೆದರು ಎಂದು ಕೇಳಿಕೊಂಡು ಬಂದವರಿಗೆ ಬರೀ ನೀರು, ಬರೀ ಕಲ್ಲು ತೋರಿಸಿದರೆ ಮೋಸ ಹೋದಂತೆ ಆಗುತ್ತದೆ. ನಾನು ಖಾಜಾ ಭಾಯ್‌ನ ಮುಖ ನೋಡಿದೆ. ಅವನು ಹಗ್ಗವನ್ನು ಮತ್ತೆ ಕಟ್ಟಲು ಕೈಗೆ ಸುತ್ತಿಕೊಳ್ಳುತ್ತಿದ್ದ. ಒಂದು ಮಳೆಗಾಲದ ಯೋಜನೆ, ನನ್ನ ಸೀಟಿ, ನನ್ನ ಗೈಡುತನ ಎಲ್ಲ ಆ ಹಗ್ಗದ ಜೊತೆಗೇ ಸುತ್ತಿಕೊಳ್ಳುತ್ತಿದ್ದವು. ಆಗ ನನ್ನ ಬಾಯಿಂದ ಬಂದದ್ದು ಇದು:

"ಒಬ್ಬ ಅಜ್ಜ ಇದ್ದನರಿ. ಕಲ್ಯಾಣ ಬಿಟ್ಟು ಹೊಂಟಾಗ ಇಲ್ಲೇ ಹತ್ತಿ ಮ್ಯಾಲ ಹೋದ. ಅವನ ಪಾದ ಮುಟ್ಟಿದ ಕಲ್ಲು ಇವತ್ತಿಗೂ ಯಾರಿಗೂ ಜಾರಂಗಿಲ್ಲ. ಅಗೋ, ಪಾದ ಮೂಡ್ಯಾವ ನೋಡ್ರಿ."

ಬೆರಳು ತೋರಿಸಿದ್ದು ಅಕ್ಕ ನನ್ನ ಕಾಲು ಹಿಡಿದು ಇರಿಸಿದ್ದ ಕುಳಿಯನ್ನು.

ಯಜಮಾನರು ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಇಳಿದರು. ಹಿಂದೆ ಎಲ್ಲರೂ ಇಳಿದರು. ಆ ದಿನ ಅವರು ಹತ್ತಿದ್ದನ್ನು ನೀವು ನೋಡಬೇಕಿತ್ತು. ಮಂಡಿ ನೋವೆಂದು ಜೀಪಿನಲ್ಲಿ ಗೊಣಗುತ್ತಿದ್ದ ಮುದುಕಿಯೊಬ್ಬಳು ನೀರಿನ ನಡುವೆ ನಿಂತು ಬಾಯಿ ತೆರೆದು ನೀರು ಹಿಡಿದಳು. ಮಕ್ಕಳು ಕಿರುಚಿದವು. ಯಜಮಾನರು ತುದಿಗೆ ಹೋಗಿ ಎರಡೂ ಕೈ ಎತ್ತಿ ನಿಂತರು. ಅವರ ಸಂತೋಷದಲ್ಲಿ ಸುಳ್ಳಿರಲಿಲ್ಲ. ನನ್ನನ್ನು ನಾನು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡದ್ದು ಈ ಮಾತಿನಿಂದಲೇ.

ಆಮೇಲೆ ಭಾನುವಾರ ಬಂದರೆ ಜೀಪು ತುಂಬುತ್ತಿತ್ತು. ಪ್ರತಿ ಭಾನುವಾರ ಅಜ್ಜನೂ ಸ್ವಲ್ಪ ಬೆಳೆಯುತ್ತಿದ್ದ. ಮೊದಲು ಬರಿಗೈಯಲ್ಲಿದ್ದವನಿಗೆ ಒಂದು ಬೆತ್ತ ಬಂತು. ಬೆತ್ತ ಊರಿದಲ್ಲಿ ನೀರು ಚಿಮ್ಮಿತು. ದೀಪಾವಳಿಯ ಹೊತ್ತಿಗೆ ಅವನ ಹಿಂದೆ ಒಂದು ಆಕಳೂ ಹತ್ತಿಹೋಯಿತು. ಖಾಜಾ ಭಾಯ್ ವಾಪಸು ಬರುವಾಗ ಹೇಳುತ್ತಿದ್ದ, "ಭಾಯ್, ಆಕಳು ಯಾಕ ಹತ್ತಿಸಿದಿ? ನಾಳಿ ಯಾರಾದ್ರೂ ತಮ್ಮ ಆಕಳು ತಂದ್ರ ನನ್ನ ಜೀಪಿನಾಗ ಜಾಗ ಇಲ್ಲ." ನಾವು ನಗುತ್ತಿದ್ದೆವು. ಶಾಲೆಯಲ್ಲಿ ನಾನು ವಚನ ಬಾಯಿಪಾಠ ಮಾಡಿದವನು. ಕಲ್ಲಿಗೆ ಕೈಮುಗಿಯಬೇಡಿ ಎಂದು ಹೇಳಿದವರ ಊರಿನ ಬಾಗಿಲಲ್ಲಿ ಕೂತು ಜನರಿಂದ ಒಂದು ಕಲ್ಲಿಗೆ ಕೈಮುಗಿಸುತ್ತಿದ್ದೇನೆ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಹೊಳೆದಿತ್ತು. ಗೈಡ್ ಎಂದು ಕರೆಸಿಕೊಳ್ಳುವ ರುಚಿ ಅದಕ್ಕಿಂತ ದೊಡ್ಡದಾಗಿತ್ತು.

ಸುದ್ದಿ ಅಕ್ಕನ ಕಿವಿಗೆ ಬಿತ್ತು. ಬೈಯುತ್ತಾಳೆಂದುಕೊಂಡೆ. ರೊಟ್ಟಿ ಬಡಿಯುವುದು ಬಿಟ್ಟು ಹಿಟ್ಟಿನ ಕೈಯಿಂದಲೇ ಹೊಟ್ಟೆ ಹಿಡಿದು ನಕ್ಕಳು.

"ಆ ಕುಳಿ ನಮ್ಮತ್ತಿ ಕಾಲಿಂದೋ ತಮ್ಮಾ! ಆಕಿ ಅತ್ತೀದೂ ಅದ, ನಂದೂ ಅದ. ನಾವು ತುಳಿತೇವಲ್ಲ, ಅಲ್ಲಿ ಸುಣ್ಣ ಕೂಡಾಕ ಬಿಡಂಗಿಲ್ಲ. ತುಳೀಲಿಲ್ಲಂದ್ರ ಮುಚ್ಚೇ ಹೋಗ್ತದ." ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. "ಬದುಕಿದ್ದಾಗ ನಮ್ಮತ್ತಿ ಬಾಯಿಗಿ ಊರು ಹೆದರ್ತಿತ್ತು. ಈಗ ವಿಜಾಪುರದವರು ಬಂದು ಕಾಲಿಗಿ ಬೀಳಾಕತ್ತಾರ."

ನಾನೂ ನಕ್ಕೆ. ನಾವಿಬ್ಬರೂ ಸೇರಿ ನಕ್ಕ ಕೊನೆಯ ಸಲ ಅದು ಎಂದು ಈಗ ಅನಿಸುತ್ತದೆ.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಕುಳಿಯ ಹತ್ತಿರ ಕುಂಕುಮ ಕಾಣಿಸಿತು. ಆಮೇಲೆ ಚೆಂಡು ಹೂವಿನ ಮಾಲೆ, ಕಾಯಿಯ ಚಿಪ್ಪು. ಯಾರೋ ಸಿಮೆಂಟಿನ ಕಟ್ಟೆ ಕಟ್ಟಿಸಿದರು. ಕಟ್ಟೆಯ ಮೇಲೆ ಗುಡಿ ಬಂತು, ಗುಡಿಗೊಂದು ಕಮಿಟಿ ಬಂತು. ಅಜ್ಜನಿಗೆ ಝರಿ ಅಜ್ಜ ಎಂದು ಹೆಸರಾಯಿತು. ಹುಲಸೂರ, ಚಿಟಗುಪ್ಪದ ಕಡೆಯಿಂದೆಲ್ಲ ಜನ ಬರತೊಡಗಿದರು. ಅವರ ಭಕ್ತಿಯತ್ತ ನಾನು ಬೊಟ್ಟು ಮಾಡಲಾರೆ. ಕಷ್ಟ ಹೊತ್ತು ಬಂದವರು ಇಳಿಸಿಹೋಗಲು ಒಂದು ಜಾಗ ಹುಡುಕುತ್ತಾರೆ. ಆದರೆ ಒಂದು ಶ್ರಾವಣದಲ್ಲಿ ಹೋಗಿ ನೋಡುತ್ತೇನೆ, ಝರಿಯ ಮುಂದೆ ಕಬ್ಬಿಣದ ಕಟಕಟೆ. ತಗಡಿನ ಹಲಗೆಯ ಮೇಲೆ ಬರೆಸಿದ್ದರು: "ಅಜ್ಜನ ಪಾದ ಮೂಡಿದ ಪವಿತ್ರ ಶಿಲೆ. ಕಾಲು ಇಡಬಾರದು."

ಖಾಜಾ ಭಾಯ್ ಆ ಹಲಗೆ ಓದಿಸಿಕೊಂಡ. "ಖತಂ," ಎಂದ. "ನಮ್ಮ ಅಜ್ಜ ನಮ್ಮ ಧಂಧಾನೇ ನುಂಗಿದ." ಮರುವಾರದಿಂದ ಜೀಪನ್ನು ನಿರ್ಣಾ ಊರಿನ ದಾರಿಗೆ ಓಡಿಸತೊಡಗಿದ. ನನಗೂ ಖಾನಾವಳಿ ಇತ್ತು. ನಾವಿಬ್ಬರೂ ಬದುಕಿಕೊಂಡೆವು.

ಬದುಕಲು ಬೇರೆ ದಾರಿ ಇಲ್ಲದವರು ವಾಡಿಯ ಹೆಂಗಸರು. ಅಕ್ಕ ಒಂದು ಮುಂಜಾನೆ ಎಂದಿನಂತೆ ಕಚ್ಚೆ ಬಿಗಿದು ಕಟಕಟೆ ದಾಟಲು ಹೋದಳಂತೆ. ಪೂಜೆಯವನು ಓಡಿ ಬಂದು, "ಏ ಬಾಯಿ, ಪಾದದ ಮ್ಯಾಲ ಕಾಲಿಡ್ತಿ? ವಂಶ ಉಳೀತದೇನು?" ಎಂದನಂತೆ. ಅವಳ ಹಿರಿಯ ಮಗನ ಮದುವೆ ಆಗ ತಾನೇ ಆಗಿತ್ತು. ಸುತ್ತ ನಿಂತಿದ್ದ ಹೆಂಗಸರು ಅವಳ ಮುಖ ನೋಡಿದರಂತೆ. ಅವಳು ಇಳಿದು, ಬುಟ್ಟಿ ಹೊತ್ತು, ಬಂಡಿದಾರಿ ಹಿಡಿದಳು. ಹಿಂದೆ ಉಳಿದವರೂ ಹಿಡಿದರು.

ಇದನ್ನು ನನಗೆ ಹೇಳಿದವಳು ಅವಳೇ. ಮಳೆ ಬಿಟ್ಟಿತೆಂದು, ತೊಗರಿ ಚೆನ್ನಾಗಿದೆಯೆಂದು ಹೇಳುವ ದನಿಯಲ್ಲಿ.

"ನೀ ಯಾಕ ಹೇಳಲಿಲ್ಲ ಅಕ್ಕಾ? ಅದು ನನ್ನ ತಮ್ಮ ಕಟ್ಟಿದ ಕಥಿ ಅಂತ?"

"ಹೇಳಿದ್ರ ನಾಳಿ ಹುಮನಾಬಾದಿನ್ಯಾಗ ನಿನ್ನ ಮುಖಕ್ಕ ಏನಂತಾರ? ಅಜ್ಜನ್ನ ಮಾರಿಕೊಂಡು ತಿಂದಾಂವ ಅಂತಾರ." ತಾಟಿನಲ್ಲಿ ನನಗೆ ಇನ್ನೊಂದು ರೊಟ್ಟಿ ಹಾಕಿದಳು. "ಉಣ್ಣು. ನಡಿಯೋ ಕಾಲು ಗಟ್ಟಿ ಅವ ನಂದು."

ನಾನು ಉಂಡೆ. ಇದನ್ನು ಬರೆಯುವಾಗ ನನಗೆ ಹೆಚ್ಚು ನಾಚಿಕೆಯಾಗುವುದು ಸುಳ್ಳು ಹೇಳಿದ್ದಕ್ಕಲ್ಲ, ಆ ರೊಟ್ಟಿ ಉಂಡದ್ದಕ್ಕೆ. ಅಂದೇ ಎದ್ದು ಗುಡಿಯ ಮುಂದೆ ನಿಂತು ನಾಲ್ಕು ಮಾತು ಹೇಳಿದ್ದರೆ ಆಗುತ್ತಿತ್ತು. ಹಲಗೆ ಹೊಸತು, ನಂಬಿಕೆಯೂ ಹೊಸತು, ಕೀಳಲು ಬರುತ್ತಿತ್ತು. ನಾನು ನಾಳೆ ಎಂದೆ. ಮುಂದಿನ ಅಮಾವಾಸ್ಯೆ ಕಳೆಯಲಿ ಎಂದೆ. ಮಗಳ ಮದುವೆ ಆಗಲಿ ಎಂದೆ. ಆ ನಡುವೆ ಸುಗ್ಗಿಯ ಒಂದು ಸಂಜೆ ವಾಡಿಗೆ ಹೋಗುತ್ತಿದ್ದಾಗ ಬಂಡಿದಾರಿಯ ತಿರುವಿನಲ್ಲಿ ಅಕ್ಕ ಎದುರಾದಳು. ತಲೆಯ ಮೇಲೆ ದನಕ್ಕೆ ಹಾಕುವ ಜೋಳದ ಕಣಕಿಯ ಹೊರೆ. ಒಂದು ಕೈ ಹೊರೆಗೆ, ಇನ್ನೊಂದು ಕೈ ಮಂಡಿಗೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಮಂಡಿಯ ಮೇಲಿನ ಕೈ ತೆಗೆದು ಸೆರಗು ಸರಿಮಾಡಿಕೊಂಡಳು. ಹೊರೆ ಕೊಡು ಎಂದೆ. ಕೊಡಲಿಲ್ಲ.

ಹಾಗೆ ಎಷ್ಟೋ ಸುಗ್ಗಿಗಳು ಹೋದವು. ಕೊನೆಗೆ ನನ್ನ ಬಾಯಿ ಬಿಡಿಸಿದ್ದು ನನ್ನ ಧೈರ್ಯವಲ್ಲ. ಒಂದು ದಿನ ಕಮಿಟಿಯ ನಾಲ್ಕು ಜನ ಖಾನಾವಳಿಗೆ ಬಂದರು. ಅವರಿಗೆ ನಾನು ಅಜ್ಜನ ಮೊದಲ ಭಕ್ತ. ಅಜ್ಜನನ್ನು ಕಂಡು ಹೇಳಿದವನು. ಅವರ ಮುಖ ಬಾಡಿತ್ತು.

"ಕಾಕಾ, ಅಜ್ಜ ಸಿಟ್ಟಿಗೆದ್ದಾನ್ರಿ. ಪಾದ ಮುಚ್ಚಾಕತ್ತಾವ."

ಹೋಗಿ ನೋಡಿದೆ. ತುಳಿಯುವವರಿಲ್ಲದೆ ಕುಳಿಗಳಲ್ಲಿ ಸುಣ್ಣ ಕೂತುಬಿಟ್ಟಿತ್ತು. ಹಿಮ್ಮಡಿಯ ಜಾಗ ಪೂರಾ ತುಂಬಿತ್ತು. ಬೆರಳುಗಳ ಕಡೆ ಅಂಗೈಯ ಗುಳಿಯಷ್ಟು ಮಾತ್ರ ಉಳಿದಿತ್ತು. ನನ್ನ ಅಕ್ಕನ, ಅವಳ ಅತ್ತೆಯ, ಆ ಅತ್ತೆಯ ಅತ್ತೆಯ ಕಾಲಿನ ಗುರುತು ಅಳಿಸಿಹೋಗುತ್ತಿತ್ತು. ನೀರು ನನ್ನ ಮುಂದೆ ಬೀಳುತ್ತಿತ್ತು. ಸುತ್ತ ಜನ ಕೂಡಿದ್ದರು. ಗುಂಪಿನ ಹಿಂದೆ ಅಕ್ಕನೂ ಬಂದು ನಿಂತಿದ್ದಳು. ನಾನು ಹೇಳಿದೆ. ಪೂರಾ ಹೇಳಿದೆ. ಅಜ್ಜ ಯಾರೂ ಇರಲಿಲ್ಲ ಎಂದೆ. ಜೀಪಿನಲ್ಲಿದ್ದವರು ಇಳಿಯಲಿ ಎಂದು ನಾನು ಕಟ್ಟಿದ ಕಥೆ ಎಂದೆ. ಇವು ವಾಡಿಯ ಹೆಣ್ಣುಮಕ್ಕಳ ಪಾದ, ಅವರು ತುಳಿದರೆ ಉಳಿಯುತ್ತವೆ, ತುಳಿಯದಿದ್ದರೆ ಮುಚ್ಚುತ್ತವೆ ಎಂದೆ.

ಯಾರೂ ಕಲ್ಲು ಎಸೆಯಲಿಲ್ಲ, ಬೈಯಲಿಲ್ಲ. ಆಮೇಲೆ ಕಮಿಟಿಯ ಹಿರಿಯನೊಬ್ಬ ಕಣ್ಣು ತುಂಬಿಕೊಂಡು ನನ್ನ ಕೈ ಹಿಡಿದ.

"ಕಾಕಾ, ನೀವು ಕಟ್ಟಿದಿರಿ ಅಂತೀರಿ. ನಿಮಗ ಆ ಮಾತು ಕೊಟ್ಟಾಂವ ಯಾರು? ಅವನೇ ಅಲ್ಲೇನು? ಹೆಣ್ಮಕ್ಕಳು ತುಳದ್ರ ಪಾದ ಉಳಿತಾವ ಅಂತ ಈಗ ನಿಮ್ಮ ಬಾಯಿಲೇ ಹೇಳಸ್ಯಾನ. ಇದು ಅಜ್ಜನ ಅಪ್ಪಣೆ ಹೌದಲ್ರಿ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಲ್ಲ ಎಂದರೆ ಕಟಕಟೆ ಇದ್ದಲ್ಲೇ ಇರುತ್ತದೆ. ಹೌದು ಎಂದರೆ ತೆರೆಯುತ್ತದೆ. ಗುಂಪಿನ ಮೇಲಿಂದ ಅಕ್ಕನ ಮುಖ ಹುಡುಕಿದೆ. ಅವಳು ನನ್ನತ್ತ ನೋಡುತ್ತಿರಲಿಲ್ಲ, ಝರಿಯ ಮೇಲ್ತುದಿಯನ್ನು ನೋಡುತ್ತಿದ್ದಳು. ನಾನು ಹೌದೂ ಎನ್ನಲಿಲ್ಲ, ಅಲ್ಲವೂ ಎನ್ನಲಿಲ್ಲ. ತಲೆ ತಗ್ಗಿಸಿ ನಿಂತೆ. ತಗ್ಗಿದ ತಲೆಯನ್ನು ಅವರು ಹೌದೆಂದು ಓದಿಕೊಂಡರು. ನನಗೆ ಶಾಲು ಹೊದಿಸಿದರು.

ಕಟಕಟೆಗೆ ಒಂದು ಗೇಟು ಆಯಿತು. ವಾಡಿಯ ಹೆಂಗಸರಿಗೆ ಮಾತ್ರ, ಸ್ನಾನ ಮಾಡಿ, ಪಾದಸೇವೆ ಎಂಬ ಹೆಸರಿನಲ್ಲಿ. ಮೊದಲ ದಿನ ಹತ್ತಿ ಇಳಿದು ಬಂದ ಅಕ್ಕ ನನ್ನ ಪಕ್ಕ ಕೂತು ಸೆರಗು ಹಿಂಡುತ್ತ, "ದನಕ್ಕ ಹುಲ್ಲು ತರೋದೂ ಸೇವಾ ಆಯ್ತಲ್ಲೋ ತಮ್ಮಾ," ಎಂದಳು. ನಗುತ್ತಾಳೆಂದು ಕಾದೆ. ನಗಲಿಲ್ಲ. ಆದರೆ ಹೊಲ ಹತ್ತಿರವಾಗಿತ್ತು. ನಾನು ಲೆಕ್ಕ ಚುಕ್ತಾ ಆಯಿತೆಂದು ನಂಬಿಕೊಂಡು ಇಷ್ಟು ವರ್ಷ ಇದ್ದೆ.

ಪಾತ್ರೆಯ ಮುಂದೆ ಕೂತ ಮರುದಿನವೇ ನಾನು ವಾಡಿಗೆ ಹೋದೆ. ಅಕ್ಕ ಈಗ ಹೊಲಕ್ಕೆ ಹೋಗುವುದಿಲ್ಲ. ಮಂಡಿ ಎರಡೂ ಬಾತು ಮನೆಯ ಕಟ್ಟೆ ಹಿಡಿದಿದ್ದಾಳೆ. ಝರಿಯ ಎದುರಿನ ಬೇವಿನ ಗಿಡದ ಕೆಳಗೆ ಇಬ್ಬರೂ ಕೂತೆವು. ಮುಂಜಾನೆಯ ಹೊತ್ತು. ಅಕ್ಕನ ಕಿರಿಯ ಸೊಸೆ ಸುನೀತಾ, ಗೇಟು ಆದ ಮೇಲೆ ಮದುವೆಯಾಗಿ ಬಂದವಳು, ಇನ್ನಿಬ್ಬರು ಹೆಂಗಸರ ಜೊತೆ ಹೊಲಕ್ಕೆ ಹೊರಟಿದ್ದಳು. ಮೂವರೂ ಗೇಟಿನ ಹತ್ತಿರ ನಿಂತರು. ಬಾಗಿ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ತುಟಿ ಅಲುಗಿಸಿ ಏನೋ ಅಂದರು. ಕಾಲಿಟ್ಟದ್ದಕ್ಕೆ ಕ್ಷಮಿಸು ಎಂದು ಬೇಡುವುದಂತೆ, ಅಕ್ಕ ಹೇಳಿದಳು. ಆಮೇಲೆ ಒಬ್ಬಳ ಹಿಂದೆ ಒಬ್ಬಳು, ಮಾತಿಲ್ಲದೆ, ಒಂದೊಂದು ಹೆಜ್ಜೆಗೂ ತಪ್ಪು ಮಾಡುತ್ತಿರುವವರ ಹಾಗೆ ಕಾಲಿಡತೊಡಗಿದರು. ನೀರು ಅದೇ, ಕಲ್ಲು ಅದೇ. ನಾನು ವಾಪಸು ಕೊಟ್ಟೆನೆಂದುಕೊಂಡ ದಾರಿಯನ್ನು ಅಂದೇ ಸರಿಯಾಗಿ ನೋಡಿದ್ದು.

ಅಕ್ಕನಿಗೆ ತಡೆಯಲಾಗಲಿಲ್ಲ. "ಏ ಸುನೀತಾ, ಲಗೂ ಲಗೂ ಹತ್ತವ್ವಾ! ಕಲ್ಲದು, ಕಡಿಯಂಗಿಲ್ಲ!"

ಸುನೀತಾ ಮೊದಲ ಮೆಟ್ಟಿಲಲ್ಲೇ ನಿಂತು ಹೊರಳಿದಳು. ಅತ್ತೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಅತ್ತೆ ಇಂಥ ಮಾತಾಡಿದ್ದಕ್ಕೆ ಅಜ್ಜನ ಮೊದಲ ಭಕ್ತ ಏನೆನ್ನುತ್ತಾನೋ ಎಂಬ ಗಾಬರಿ ಅವಳ ಕಣ್ಣಲ್ಲಿತ್ತು. ಎರಡೂ ಕೈ ಜೋಡಿಸಿ ನನಗೂ ಒಂದು ನಮಸ್ಕಾರ ಮಾಡಿದಳು.

ಆ ನಮಸ್ಕಾರ ತೆಗೆದುಕೊಳ್ಳಲು ಆಗಲಿಲ್ಲ. ಎದ್ದು, ಕೋಲೂರುತ್ತ ಗೇಟಿನವರೆಗೆ ಹೋದೆ. ಇಳಿದು ಬಾ ಎಂದೆ. ಉಳಿದಿಬ್ಬರು ಆಗಲೇ ಮೇಲೆ ಹೋಗಿದ್ದರು. ಸುನೀತಾ ಬಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಿಂತಳು. ಅಂದು ಗುಂಪಿಗೆ ಹೇಳಿದ್ದನ್ನೇ ಅವಳೊಬ್ಬಳಿಗೆ ಹೇಳಿದೆ. ವಿಜಾಪುರದ ಯಜಮಾನರ ಎಲೆಅಡಿಕೆ ಚೀಲದಿಂದ ಹಿಡಿದು ಆಕಳಿನವರೆಗೆ. ನಾನು ತಗ್ಗಿಸಿದ ತಲೆಯನ್ನೂ ಬಿಡಲಿಲ್ಲ. ಕೇಳಿ ಮುಗಿದ ಮೇಲೆ ಕುಳಿಯನ್ನು ನೋಡಿದಳು. ಹಿಮ್ಮಡಿ, ಬೆರಳು ಎಲ್ಲ ಮತ್ತೆ ಸ್ಪಷ್ಟವಾಗಿದ್ದವು.

"ಇದು ನಮ್ಮತ್ತೀದೇನ್ರಿ?"

"ನಿಮ್ಮತ್ತೀದು. ಈಗ ನಿಂದು."

ಅವಳು ಬೇವಿನ ಗಿಡದ ಕಡೆ ನೋಡಿದಳು. ಅಕ್ಕ ಅಲ್ಲಿಂದಲೇ, ನಮ್ಮ ಮಾತು ಕೇಳಿಸಿತೋ ಇಲ್ಲವೋ, ಹೋಗು ಹೋಗು ಎಂದು ಕೈ ಬೀಸುತ್ತಿದ್ದಳು.

"ಮಾಮಾ," ಎಂದಳು ಸುನೀತಾ ಸಣ್ಣ ದನಿಯಲ್ಲಿ, "ಮ್ಯಾಲಿನವರಿಗಿ ಹೇಳ್ಲೇನ್ರಿ?"

ಹುಮನಾಬಾದಿನಲ್ಲಿ ನನಗೆ ಈಗಲೂ ನಮಸ್ಕಾರ ಮಾಡುವವರಿದ್ದಾರೆ. ಆ ಶಾಲನ್ನು ಸೊಸೆ ಕಪಾಟಿನಲ್ಲಿ ಮಡಿಸಿಟ್ಟಿದ್ದಾಳೆ. ಗೇಟು ಮತ್ತೆ ಮುಚ್ಚಿದರೂ ಮುಚ್ಚಬಹುದು. ಇದೆಲ್ಲ ಒಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ತಲೆಯಲ್ಲಿ ಬಂದು ಹೋಯಿತು.

"ಹೇಳವ್ವಾ," ಎಂದೆ. "ನನ್ನ ಹೆಸರು ಹಿಡದೇ ಹೇಳು."

ಅವಳು ಈ ಸಲ ಬಾಗಲಿಲ್ಲ. ಕಚ್ಚೆ ಬಿಗಿದುಕೊಂಡು ಕಾಲನ್ನು ಕುಳಿಯಲ್ಲಿ ಇಟ್ಟಳು. ಅವಳು ಹತ್ತುವವರೆಗೆ ನಾನು ಅಲ್ಲೇ ನಿಂತಿದ್ದೆ. ತುದಿಯಲ್ಲಿ ಕಾಯುತ್ತಿದ್ದ ಇಬ್ಬರೂ ಬಗ್ಗಿ ಅವಳಿಗೆ ಕೈ ಕೊಟ್ಟರು. ಮೂವರೂ ಅಂಚಿನಲ್ಲೇ ನಿಂತು ಮಾತಾಡತೊಡಗಿದರು. ಮೊದಲು ಒಬ್ಬಳು, ಆಮೇಲೆ ಇನ್ನೊಬ್ಬಳು ನನ್ನ ಕಡೆ ತಿರುಗಿ ನೋಡಿದರು. ನಾನು ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಅವರಿಗೆ ಚೆನ್ನಾಗಿ ಕಾಣಲಿ ಎಂದು, ತಲೆ ಎತ್ತಿ ನಿಂತುಕೊಂಡೆ.